ಎರೆ, ಮಸಾರಿ, ಸವಳು: ಉಪಗ್ರಹ ಚಿತ್ರ ನೋಡಿ ಹೊಲದ ಮಣ್ಣು, ಇಳುವರಿ ಅರಿಯುವುದು ಹೇಗೆ

ಸಿಂಧನೂರು, ಕಾರಟಗಿ, ಮಾನ್ವಿ ಕಡೆ ಒಂದೇ ಸರ್ವೆ ನಂಬರಿನಲ್ಲಿ ಒಂದು ಎಕರೆಗೆ ನಲವತ್ತು ಚೀಲ ಭತ್ತ ಬಂದರೆ ಅದರ ಪಕ್ಕದ ಎಕರೆ ಇಪ್ಪತ್ತೈದು ದಾಟಲ್ಲ. ಬೀಜ ಅದೇ, ಗೊಬ್ಬರ ಅದೇ, ನಾಟಿ ಮಾಡಿದ ದಿನವೂ ಅದೇ. ಹಿರಿಯರನ್ನು ಕೇಳಿದರೆ "ಆ ಮೂಲಿ ಮೊದಲಿಂದಾನೂ ಹಂಗ ಐತ್ರಿ" ಅಂತಾರೆ. ಅವರ ಮಾತು ಬಹಳ ಸಲ ನಿಜವೇ. ಆದರೆ ಆ ಮೂಲೆ ಎಲ್ಲಿಂದ ಎಲ್ಲಿಯವರೆಗೆ ಇದೆ, ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದೆಯಾ, ತಪ್ಪು ಮಣ್ಣಿನದಾ ನೀರಿನದಾ ಅನ್ನುವುದನ್ನು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಅದಕ್ಕೆ ಉಪಗ್ರಹ ಚಿತ್ರ ಒಳ್ಳೆಯ ಸಾಧನ, ಅದೂ ಪುಕ್ಕಟೆ.

ಈಗ ಮೊಬೈಲಿನಲ್ಲೇ ಹೊಲದ ಮೇಲೆ ಕೆಂಪು, ಹಳದಿ, ಹಸಿರು ಬಣ್ಣ ತೋರಿಸುವ ಆ್ಯಪ್‌ಗಳು ಬೇಕಾದಷ್ಟಿವೆ. ಕೆಂಪು ಕಂಡ ಕಡೆ ಮಣ್ಣು ಕೆಟ್ಟಿದೆ ಅಂತ ತೀರ್ಮಾನಿಸಿ ಜಿಪ್ಸಂ ತರಿಸುವವರೂ ಇದ್ದಾರೆ. ಕಾಲುವೆ ನೀರಿನ ಸೀಮೆಯಲ್ಲಿ ಅದು ಅಪಾಯದ ಕೆಲಸ. ಇಲ್ಲಿ ಬೆಳೆಯ ಹಸಿರು ಮಣ್ಣಿಗಿಂತ ಮೊದಲು ನೀರಿನ ಕಥೆ ಹೇಳುತ್ತದೆ. ಹಾಗಾಗಿ ನಾನು ಹೇಳುವ ಕ್ರಮ ಇಷ್ಟು: ಮೊದಲು ಬೇಸಿಗೆಯ ಬರಿ ನೆಲ ನೋಡಿ, ಆಮೇಲೆ ಹಲವು ವರ್ಷದ ಬೆಳೆ ನೋಡಿ, ಕೊನೆಗೆ ಗುದ್ದಲಿ ಹಿಡಿದು ಹೊಲಕ್ಕೆ ಹೋಗಿ. ಈ ಕ್ರಮ ತಿರುಗುಮುರುಗಾದರೆ ನಕ್ಷೆ ಚೆಂದ ಬರುತ್ತದೆ, ಅರ್ಥ ಮಾತ್ರ ತಪ್ಪುತ್ತದೆ.

ಬೇಕಾದ ಸಾಮಾನು

ಒಂದು ಸಾಧಾರಣ ಲ್ಯಾಪ್‌ಟಾಪ್, ಇಂಟರ್ನೆಟ್, ಜಿಪಿಎಸ್ ಇರುವ ಮೊಬೈಲ್, ಗುದ್ದಲಿ. ಚಿತ್ರ ನೋಡಲು ಕೊಪರ್ನಿಕಸ್ ಬ್ರೌಸರ್ ಅನ್ನುವ ಜಾಲತಾಣ, ನಕ್ಷೆ ಮಾಡಲು ಕ್ಯೂಜಿಐಎಸ್ ಅನ್ನುವ ತಂತ್ರಾಂಶ. ಎರಡಕ್ಕೂ ದುಡ್ಡಿಲ್ಲ. ಸ್ವಲ್ಪ ಕೋಡ್ ಬರೆಯುವ ಅಭ್ಯಾಸ ಇದ್ದರೆ ಗೂಗಲ್ ಅರ್ಥ್ ಎಂಜಿನ್ ಸೇರಿಸಿಕೊಳ್ಳಿ. ವ್ಯಾಪಾರಕ್ಕಲ್ಲದ ಕೆಲಸಕ್ಕೆ ಅದೂ ಉಚಿತ.

ನಮಗೆ ಮುಖ್ಯವಾಗಿ ಬೇಕಾದದ್ದು ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ. ಮೊದಲನೆಯದು ಹಾರಿದ್ದು 2015ರಲ್ಲಿ, ಎರಡನೆಯದು 2017ರಲ್ಲಿ. ಎರಡೂ ಸೇರಿದ ಮೇಲೆ ಸುಮಾರು ಐದು ದಿನಕ್ಕೊಂದು ಚಿತ್ರ ಸಿಗುತ್ತದೆ. ಇದರ ನೀಲಿ, ಹಸಿರು, ಕೆಂಪು ಮತ್ತು ಹತ್ತಿರದ ಇನ್‌ಫ್ರಾರೆಡ್ ಬ್ಯಾಂಡ್‌ಗಳ, ಅಂದರೆ ಬೇರೆ ಬೇರೆ ಬೆಳಕಿನ ಪದರಗಳ, ಒಂದು ಪಿಕ್ಸೆಲ್ (ಚಿತ್ರದ ಒಂದು ಚುಕ್ಕಿಚೌಕ) 10 ಮೀಟರ್ ಉದ್ದ, 10 ಮೀಟರ್ ಅಗಲ. ಇದನ್ನು ನಮ್ಮ ಲೆಕ್ಕಕ್ಕೆ ತಂದರೆ ಮಜಾ ಇದೆ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, ಅಂದರೆ 101 ಚದರ ಮೀಟರ್. ಪಿಕ್ಸೆಲ್ 100 ಚದರ ಮೀಟರ್. ಅಲ್ಲಿಗೆ ಒಂದು ಪಿಕ್ಸೆಲ್ ಒಂದು ಗುಂಟೆ, ಎಕರೆಗೆ ನಲವತ್ತು ಪಿಕ್ಸೆಲ್. ಇಷ್ಟು ತಲೆಯಲ್ಲಿದ್ದರೆ ಯಾವುದು ಕಾಣುತ್ತದೆ, ಯಾವುದು ಕಾಣಲ್ಲ ಅಂತ ನಿಮಗೇ ಗೊತ್ತಾಗುತ್ತದೆ. ಅರ್ಧ ಗುಂಟೆಯ ಸವಳು (ಉಪ್ಪು ನೆಲದ) ಮಚ್ಚೆ ಇದರಲ್ಲಿ ಸರಿಯಾಗಿ ಸಿಗಲ್ಲ, ಐದು ಗುಂಟೆಯದು ಸಿಗುತ್ತದೆ.

ಹಳೆಯ ಕಾಲ ನೋಡಬೇಕಾದರೆ ಲ್ಯಾಂಡ್‌ಸ್ಯಾಟ್. ಅದರ ಪಿಕ್ಸೆಲ್ 30 ಮೀಟರ್, ಅಂದರೆ ಸುಮಾರು ಒಂಬತ್ತು ಗುಂಟೆ. 1984ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್ 5ರಿಂದ ಈಚೆಗೆ ಇದೇ ಅಳತೆಯ ಚಿತ್ರಗಳಿವೆ. ತುಂಗಭದ್ರಾ ಎಡದಂಡೆ ಕಾಲುವೆ ಬದಿಯಲ್ಲಿ ಸವಳು ಹೇಗೆ ಹಬ್ಬಿತು ಅಂತ ನೋಡಲು ಇದಕ್ಕಿಂತ ಬೇರೆ ದಾರಿ ಕಡಿಮೆ.

ಹೊಲದ ಗಡಿ: ಬೇಸರದ ಕೆಲಸ, ಆದರೂ ಮಾಡಿ

ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿದರೆ ಗಡಿ ಕಾಣುತ್ತದೆ. ಆದರೆ ಆ ಗೆರೆ ಮತ್ತು ನಿಜವಾದ ಬದು ಕೆಲವು ಮೀಟರ್ ಆಚೀಚೆ ಇರಬಹುದು. ಪಿಕ್ಸೆಲ್ಲೇ ಹತ್ತು ಮೀಟರ್ ಇರುವಾಗ ಅಷ್ಟು ವ್ಯತ್ಯಾಸ ಸಾಕು, ಪಕ್ಕದವರ ತೊಗರಿ ನಿಮ್ಮ ಹತ್ತಿಯಲ್ಲಿ ಸೇರಿಬಿಡುತ್ತದೆ. ದಿಶಾಂಕ್ ನೋಡಿ ಜಾಗ ಗುರುತಿಸಿ, ಆಮೇಲೆ ಕ್ಯೂಜಿಐಎಸ್‌ನಲ್ಲಿ ಉಪಗ್ರಹ ಚಿತ್ರದ ಮೇಲೆ ಬದು ಹಿಡಿದು ಕೈಯಲ್ಲೇ ಗೆರೆ ಎಳೆಯಿರಿ. ಒಂದು ಸರ್ವೆ ನಂಬರಿನಲ್ಲಿ ಎರಡು ಮೂರು ಹಿಸ್ಸಾ ಇದ್ದು ಬೇರೆ ಬೇರೆಯವರು ಉಳುತ್ತಿದ್ದರೆ ಪ್ರತಿಯೊಂದಕ್ಕೂ ಬೇರೆ ಗೆರೆ.

ಎಳೆದ ಗಡಿಯನ್ನು ಒಳಕ್ಕೆ 10 ಮೀಟರ್ ಕುಗ್ಗಿಸಿ. ಬದುವಿನ ಬೇವು, ಕಾಲುವೆ ದಂಡೆ, ಬಂಡಿದಾರಿ ಎಲ್ಲ ಅಂಚಿನ ಪಿಕ್ಸೆಲ್‌ಗಳಲ್ಲಿ ಬೆರೆತಿರುತ್ತವೆ. ನಮ್ಮ ಕಡೆ ಬಳ್ಳಾರಿ ಜಾಲಿಯ ಕಾಟ ಬೇರೆ. ಏಪ್ರಿಲ್ ಬಿಸಿಲಿನಲ್ಲೂ ಅದು ಹಸಿರಾಗೇ ಇರುತ್ತದೆ. ಕುಗ್ಗಿಸಲು ಬಫರ್ ಉಪಕರಣದಲ್ಲಿ ಮೈನಸ್ 10 ಕೊಡಿ. ಅದಕ್ಕೂ ಮುಂಚೆ ಪದರವನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ ವಲಯ 43 ಉತ್ತರಕ್ಕೆ ಬದಲಾಯಿಸಿ, ಅದರ ಸಂಕೇತ 32643. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಪಟ್ಟಣಗಳು ಅದೇ ವಲಯದಲ್ಲಿವೆ. ಅಕ್ಷಾಂಶ ರೇಖಾಂಶದಲ್ಲೇ ಬಿಟ್ಟರೆ 10 ಅಂದದ್ದನ್ನು ಅದು ಹತ್ತು ಡಿಗ್ರಿ ಅಂತ ತಿಳಿದು ಇಡೀ ಹೊಲವನ್ನೇ ಮಾಯ ಮಾಡುತ್ತದೆ.

ಚೌಕಾಕಾರದ ಒಂದು ಎಕರೆ ಹೀಗೆ ಕುಗ್ಗಿದರೆ ನಲವತ್ತರಲ್ಲಿ ಹತ್ತೊಂಬತ್ತು ಪಿಕ್ಸೆಲ್ ಮಾತ್ರ ಉಳಿಯುತ್ತವೆ. ಹಾಗಾಗಿ ಎರಡು ಮೂರು ಎಕರೆಗಿಂತ ಚಿಕ್ಕ ಹೊಲಕ್ಕೆ ಒಳಗಿನ ವ್ಯತ್ಯಾಸದ ನಕ್ಷೆ ಮಾಡುವುದು ಸುಮ್ನೆ ಶ್ರಮ. ಅಂಥವರು ಅಕ್ಕಪಕ್ಕದ ನಾಲ್ಕಾರು ಹೊಲ ಸೇರಿಸಿ ನೋಡಿದರೆ ಲಾಭ.

ಬರಿ ನೆಲದ ಚಿತ್ರ

ಇಲ್ಲಿ ಆತುರ ಬೇಡ, ಅರ್ಧ ಕೆಲಸ ಇರುವುದೇ ಇಲ್ಲಿ. ಬಿಳಿಜೋಳ, ಕಡಲೆ ಬೆಳೆಯುವ ಎರೆ (ಕಪ್ಪು ಮಣ್ಣಿನ) ಹೊಲ ಮಾರ್ಚ್‌ನಿಂದ ಮೇವರೆಗೆ ಖಾಲಿ. ಎರಡು ಬೆಳೆ ಭತ್ತದ ಗದ್ದೆಯಲ್ಲಿ ಮಾತ್ರ ಮೇ ಕೊನೆಯಿಂದ ನೀರು ಬಿಡುವವರೆಗೆ ಸಣ್ಣ ಸಂದು ಸಿಗುತ್ತದೆ. ಎರಡನೇ ಬೆಳೆಗೆ ನೀರು ಸಿಗದ ವರ್ಷ ರೈತರಿಗೆ ನಷ್ಟವೇ, ಆದರೆ ಮಣ್ಣು ನೋಡುವವರಿಗೆ ಅಂಥ ವರ್ಷದ ಫೆಬ್ರವರಿಯಿಂದ ಜೂನ್‌ವರೆಗಿನ ಚಿತ್ರಗಳು ಬಂಗಾರ.

ಕೊಪರ್ನಿಕಸ್ ಬ್ರೌಸರ್‌ನಲ್ಲಿ ಎಲ್2ಎ ಅನ್ನುವ ಮಟ್ಟದ ಚಿತ್ರ ಆರಿಸಿ, ಅದರಲ್ಲಿ ವಾತಾವರಣದ ಮಬ್ಬನ್ನು ತಿದ್ದಿರುತ್ತಾರೆ. ಮೋಡ ಇಲ್ಲದ, ಹಿಂದಿನ ವಾರದಲ್ಲಿ ಮಳೆ ಬಿದ್ದಿರದ ದಿನ ಹುಡುಕಿ. ಹಸಿ ನೆಲ ಕಪ್ಪಗೆ ಕಾಣುತ್ತದೆ, ಮಸಾರಿ (ಕೆಂಪು ಮಣ್ಣು) ಕೂಡ ಎರೆಯ ಹಾಗೆ ಕಂಡುಬಿಡಬಹುದು. ಏಪ್ರಿಲ್-ಮೇ ತಿಂಗಳ ಅಡ್ಡ ಮಳೆಯ ಮೇಲೆ ಒಂದು ಕಣ್ಣಿರಲಿ.

ಮೊದಲು ಸಾದಾ ಬಣ್ಣದಲ್ಲಿ ನೋಡಿ. ಎರೆ ಕಡುಬೂದು, ಮಸಾರಿ ಕೆಂಪು ಅಥವಾ ತಿಳಿಗಂದು, ಸವಳು ಬೆಳ್ಳಗೆ. ಇಷ್ಟೇ ಆಗಿದ್ದರೆ ಎಲ್ಲರೂ ಪಂಡಿತರೇ. ಬೆಳ್ಳಗೆ ಕಂಡದ್ದೆಲ್ಲ ಸವಳಲ್ಲ. ಭತ್ತದ ಹುಲ್ಲು ಹರಡಿದ ಗದ್ದೆ ಬೆಳ್ಳಗೆ ಕಾಣುತ್ತದೆ. ಏರಿನ ಮೇಲೆ ಮೇಲ್ಮಣ್ಣು ಕೊಚ್ಚಿ ಹೋಗಿ ಸುಣ್ಣದ ಹರಳು ಎದ್ದ ಜಾಗವೂ ಬೆಳ್ಳಗೆ. ಹುಲ್ಲು ಸುಟ್ಟ ಗದ್ದೆ ಕಪ್ಪಗಿದ್ದು ಎರೆ ಅಂತ ಮೋಸ ಮಾಡುತ್ತದೆ.

ಇವನ್ನು ಬೇರ್ಪಡಿಸಲು ಕೆಲವು ಗುರುತು ಇವೆ. ಸುಣ್ಣದ ಹರಳು ಸಾಮಾನ್ಯವಾಗಿ ಎತ್ತರದಲ್ಲಿ, ಸವಳು ತಗ್ಗಿನಲ್ಲಿ, ಕಾಲುವೆಯ ಬಸಿ ನೀರು ನಿಲ್ಲುವ ಕಡೆ, ಹಳ್ಳದ ಅಂಚಿನಲ್ಲಿ. ಹುಲ್ಲಿಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಬಿ11 ಮತ್ತು ಬಿ12 ಬ್ಯಾಂಡ್ ಸಹಾಯಕ್ಕೆ ಬರುತ್ತವೆ. ಬಿ11ರಿಂದ ಬಿ12 ಕಳೆದು ಎರಡರ ಮೊತ್ತದಿಂದ ಭಾಗಿಸಿದರೆ ಹುಲ್ಲು ಹೊದ್ದ ನೆಲದ ಸಂಖ್ಯೆ ಬರಿ ನೆಲಕ್ಕಿಂತ ಮೇಲೆ ಬರುತ್ತದೆ. ಈ ಎರಡು ಬ್ಯಾಂಡ್‌ಗಳ ಪಿಕ್ಸೆಲ್ 20 ಮೀಟರ್, ಅಂದರೆ ನಾಲ್ಕು ಗುಂಟೆ, ಅದು ನೆನಪಿರಲಿ. ಇನ್ನೊಂದು ಗುರುತು ಕಾಲ. ಹುಲ್ಲು ಮುಂದಿನ ವರ್ಷ ಬೇರೆ ಕಡೆ ಬೀಳುತ್ತದೆ, ಸವಳು ಅಲ್ಲೇ ಇರುತ್ತದೆ. ಆದ್ದರಿಂದ ಮೂರ್ನಾಲ್ಕು ಬೇಸಿಗೆಯ ಚಿತ್ರಗಳಲ್ಲಿ ಬರಿ ನೆಲದ ಪಿಕ್ಸೆಲ್ ಮಾತ್ರ ಆರಿಸಿ ಅವುಗಳ ನಡುಬೆಲೆ, ಅಂದರೆ ಮೀಡಿಯನ್, ತೆಗೆಯಿರಿ. ಎನ್‌ಡಿವಿಐ, ಅಂದರೆ ಹಸಿರು ಎಷ್ಟಿದೆ ಅನ್ನುವ ಸಂಖ್ಯೆ (ಸೂತ್ರ ಮುಂದೆ ಇದೆ), 0.25ಕ್ಕಿಂತ ಕಡಿಮೆ ಇದ್ದರೆ ಬರಿ ನೆಲ ಅಂತ ಇಟ್ಟುಕೊಂಡು ಶುರು ಮಾಡಬಹುದು.

ಹಲವು ವರ್ಷ ಬೆರೆಸುವಾಗ ಒಂದು ಗುಂಡಿ ಇದೆ. 2022ರ ಜನವರಿ 25ರಿಂದ ಸೆಂಟಿನೆಲ್-2 ಚಿತ್ರಗಳ ಸಂಖ್ಯೆಗೆ 1000 ಕೂಡಿಸಿ ಕೊಡುತ್ತಾರೆ. ಕಚ್ಚಾ ಫೈಲ್ ಇಳಿಸಿಕೊಂಡರೆ ಆಮೇಲಿನ ಚಿತ್ರಗಳಿಂದ 1000 ಕಳೆದು ನಂತರ 10,000ದಿಂದ ಭಾಗಿಸಬೇಕು. ಮರೆತರೆ 2022ರಿಂದ ಇಡೀ ಜಿಲ್ಲೆಯ ಮಣ್ಣು ಬೆಳ್ಳಗಾಗಿದೆ ಅಂತ ಲೆಕ್ಕ ಬರುತ್ತದೆ! ಅರ್ಥ್ ಎಂಜಿನ್‌ನಲ್ಲಿ ಹಾರ್ಮೊನೈಸ್ಡ್ ಅನ್ನುವ ಸಂಗ್ರಹ ತೆಗೆದುಕೊಂಡರೆ ಈ ತಲೆನೋವಿಲ್ಲ.

ಸವಳು ಸೂಚ್ಯಂಕಗಳ ಬಗ್ಗೆ ನನ್ನ ಒಂದು ತಕರಾರು ಇದೆ. ಬಹಳ ಕಡೆ ಬಳಸುವ ಒಂದು ಸೂತ್ರ ಹೀಗಿದೆ: ಕೆಂಪಿನಿಂದ ಇನ್‌ಫ್ರಾರೆಡ್ ಕಳೆದು, ಎರಡರ ಮೊತ್ತದಿಂದ ಭಾಗಿಸಿ. ಸ್ವಲ್ಪ ಗಮನಿಸಿ, ಇದು ಎನ್‌ಡಿವಿಐಯನ್ನೇ ತಲೆಕೆಳಗು ಮಾಡಿದ್ದು, ಅಷ್ಟೇ. ಬೆಳೆ ಇರುವಾಗ ಇದನ್ನು ಹಾಕಿದರೆ ಬೆಳೆ ಸಣಕಲಾದ ಕಡೆಯೆಲ್ಲ ಸವಳು ಅನ್ನುತ್ತದೆ. ಅದರ ಬದಲು ನೀಲಿ ಮತ್ತು ಕೆಂಪನ್ನು ಗುಣಿಸಿ ವರ್ಗಮೂಲ ತೆಗೆಯುವ ಹೊಳಪಿನ ಸೂತ್ರ ವಾಸಿ, ಅದೂ ಬರಿ ನೆಲದ ಚಿತ್ರಕ್ಕೆ ಮಾತ್ರ.

ಕ್ಷಾರ ಮಣ್ಣು ಇನ್ನೂ ಕಿಲಾಡಿ. ಸೋಡಿಯಂ ಜಾಸ್ತಿ ಇದ್ದು ಮೇಲೆ ಉಪ್ಪು ಇಲ್ಲದ ಎರೆ ಬೆಳ್ಳಗೆ ಕಾಣುವುದೇ ಇಲ್ಲ. ಅದನ್ನು ಮಣ್ಣು ಪರೀಕ್ಷೆಯೇ ಹೇಳಬೇಕು.

ಬೆಳೆಯ ಚಿತ್ರ: ಎನ್‌ಡಿವಿಐ ಎಲ್ಲಿ ಕೈಕೊಡುತ್ತದೆ

ಎನ್‌ಡಿವಿಐ ಸೂತ್ರ ಸುಲಭ. ಬಿ8 (ಹತ್ತಿರದ ಇನ್‌ಫ್ರಾರೆಡ್) ಬ್ಯಾಂಡಿನಿಂದ ಬಿ4 (ಕೆಂಪು) ಕಳೆದು, ಎರಡರ ಮೊತ್ತದಿಂದ ಭಾಗಿಸಿ. ಎಲೆ ದಟ್ಟವಾದಂತೆ ಸಂಖ್ಯೆ ಮೇಲೇರುತ್ತದೆ. ಬರಿ ನೆಲ 0.1ರಿಂದ 0.2, ತುಂಬಿದ ಭತ್ತ 0.8ರ ಆಸುಪಾಸು.

ತೊಂದರೆ ಎರಡು ತುದಿಯಲ್ಲೂ ಇದೆ. ಬೆಳೆ ತೆಳ್ಳಗಿದ್ದಾಗ ನೆಲದ ಬಣ್ಣ ಬೆರೆಯುತ್ತದೆ. ಅಷ್ಟೇ ಎಲೆ ಇದ್ದರೂ ಕಪ್ಪು ನೆಲದ ಮೇಲೆ ಎನ್‌ಡಿವಿಐ ಜಾಸ್ತಿ, ಬಿಳಿಚಿದ ನೆಲದ ಮೇಲೆ ಕಡಿಮೆ ಬರುತ್ತದೆ. ಅರ್ಧ ಎರೆ, ಅರ್ಧ ಮಸಾರಿ ಇರುವ ಹೊಲದಲ್ಲಿ ಎಳೆಯ ಹತ್ತಿಯನ್ನು ನೋಡಿ ಎರೆ ಭಾಗ ಚೆನ್ನಾಗಿದೆ ಅಂದರೆ ಅದು ಬೆಳೆಯ ಮಾತಾ, ನೆಲದ ಮಾತಾ? ಕುಷ್ಟಗಿ, ಲಿಂಗಸುಗೂರು ಕಡೆಯ ಬೆರಕೆ ನೆಲಕ್ಕೆ ಇದು ಬಹಳ ಮುಖ್ಯ. ಕಡಲೆ, ಶೇಂಗಾ, ಎಳೆಯ ತೊಗರಿಗೆ ನೆಲದ ಬಣ್ಣದ ಪ್ರಭಾವ ತಗ್ಗಿಸುವ ಎಸ್‌ಎವಿಐ ಸೂತ್ರ ಬಳಸಿ. ಬಿ8ರಿಂದ ಬಿ4 ಕಳೆದದ್ದನ್ನು 1.5ರಿಂದ ಗುಣಿಸಿ, ಎರಡರ ಮೊತ್ತಕ್ಕೆ 0.5 ಕೂಡಿಸಿ ಭಾಗಿಸಿ. ಈ ಸೂತ್ರಕ್ಕೆ 10,000ದಿಂದ ಭಾಗಿಸಿದ ಸಂಖ್ಯೆಯೇ ಬೇಕು, ಕಚ್ಚಾ ಸಂಖ್ಯೆ ಹಾಕಿದರೆ 0.5ಕ್ಕೆ ಬೆಲೆಯೇ ಇರಲ್ಲ.

ಇನ್ನೊಂದು ತುದಿ ಭತ್ತದ್ದು. ಗದ್ದೆ ಪೂರ್ತಿ ಮುಚ್ಚಿದ ಮೇಲೆ ಎನ್‌ಡಿವಿಐ ಏರುವುದನ್ನು ನಿಲ್ಲಿಸುತ್ತದೆ. ನಲವತ್ತು ಚೀಲದ ಗದ್ದೆಗೂ ಮೂವತ್ತೆರಡು ಚೀಲದ ಗದ್ದೆಗೂ ಒಂದೇ ಹಸಿರು. ಅಲ್ಲಿ ಎನ್‌ಡಿವಿಐ ಸೂತ್ರದಲ್ಲೇ ಬಿ8 ಬದಲು ಬಿ8ಎ, ಬಿ4 ಬದಲು ಬಿ5 ಹಾಕಿ ಮಾಡುವ ಎನ್‌ಡಿಆರ್‌ಇ ನೋಡಿ, ಅದು ತಡವಾಗಿ ಮಟ್ಟಸವಾಗುತ್ತದೆ. ಪಿಕ್ಸೆಲ್ ನಾಲ್ಕು ಗುಂಟೆ ಆಗುವುದು ಅದರ ಬೆಲೆ.

ಹಸಿರು ಜಾಸ್ತಿ ಅಂದರೆ ಕಾಳು ಜಾಸ್ತಿ ಅಂತಲೂ ಅಲ್ಲ. ಯೂರಿಯಾ ಸುರಿದ ಗದ್ದೆ ಕಡುಹಸಿರಾಗಿ ನಿಂತು, ಬೆಂಕಿ ರೋಗ ಹತ್ತಿ, ಇಲ್ಲ ಕಂದು ಜಿಗಿಹುಳು ಬಿದ್ದು, ಕೊನೆಗೆ ಮಲಗಿ ಜೊಳ್ಳಾದದ್ದನ್ನು ನಮ್ಮ ಕಡೆ ಯಾರು ನೋಡಿಲ್ಲ? ಅದಕ್ಕೇ ತೆನೆ ಬರುವ ಹೊತ್ತಿನ ಒಂದು ಚಿತ್ರದ ಜೊತೆ, ಹಸಿರು ಎಷ್ಟು ದಿನ ಉಳಿಯಿತು ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮುಂಗಾರಿನಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಮೋಡದ್ದೇ ರಾಜ್ಯ. ಮೋಡದ ಜೊತೆ ಅದರ ನೆರಳನ್ನೂ ತೆಗೆಯಬೇಕು, ಎಲ್2ಎ ಜೊತೆ ಬರುವ ಎಸ್‌ಸಿಎಲ್ ಪದರದಲ್ಲಿ ಎರಡಕ್ಕೂ ಗುರುತಿದೆ. ಆ ತಿಂಗಳುಗಳಿಗೆ ರಾಡಾರ್ ಇರುವ ಸೆಂಟಿನೆಲ್-1 ಒಳ್ಳೆಯದು, ಅದಕ್ಕೆ ಮೋಡ ಅಡ್ಡ ಬರಲ್ಲ. ಹಿಂಗಾರಿ ಜೋಳ, ಕಡಲೆಗೆ ಈ ತಾಪತ್ರಯ ಕಡಿಮೆ. ನವೆಂಬರ್‌ನಿಂದ ಜನವರಿವರೆಗೆ ಆಕಾಶ ಬಹುಪಾಲು ಸ್ವಚ್ಛ. ಆ ಬೆಳೆ ನಿಂತಿರುವುದು ಎರೆ ಹಿಡಿದಿಟ್ಟ ತೇವದ ಮೇಲೆ, ಹಾಗಾಗಿ ಮಣ್ಣಿನ ಆಳದ ವ್ಯತ್ಯಾಸ ನೇರವಾಗಿ ಎಲೆಯಲ್ಲಿ ಕಾಣುತ್ತದೆ. ಮೊದಲ ಸಲ ಮಾಡುವವರು ಭತ್ತ ಬಿಟ್ಟು ಜೋಳದ ಹೊಲದಿಂದ ಶುರು ಮಾಡಿ ಅಂತ ನನ್ನ ಸಲಹೆ.

ನೀರಿನ ವ್ಯತ್ಯಾಸ, ಮಣ್ಣಿನ ವ್ಯತ್ಯಾಸ

ತುಂಗಭದ್ರಾ ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್ ಉದ್ದ. ಗಂಗಾವತಿ ಕಡೆ ನೀರು ಮೊದಲು ತಲುಪುತ್ತದೆ, ಮಾನ್ವಿ, ಸಿರವಾರದ ಕೆಳಭಾಗದ ರೈತರು ಕಾಯುತ್ತಾರೆ. ನಾಟಿಯೂ ಹಾಗೇ ಹಿಂದುಮುಂದು. ಈಗ ಸೆಪ್ಟೆಂಬರಿನ ಒಂದೇ ದಿನದ ಚಿತ್ರದಲ್ಲಿ ಎರಡನ್ನೂ ಹೋಲಿಸಿದರೆ ಕೆಳಭಾಗದ ಮಣ್ಣು ಕೆಟ್ಟದ್ದು ಅಂತ ಬರುತ್ತದೆ. ಅದು ಮಣ್ಣಲ್ಲ, ತಡವಾದ ನಾಟಿ.

ಇದಕ್ಕೆ ದಾರಿ ನಾಟಿಯ ದಿನದಿಂದ ಎಣಿಸುವುದು. ನಾಟಿಗೆ ನೀರು ಕಟ್ಟಿದಾಗ ಸೆಂಟಿನೆಲ್-1ರ ವಿಎಚ್ ಸಂಖ್ಯೆ (ನೆಲದಿಂದ ವಾಪಸ್ ಬರುವ ರಾಡಾರ್ ಅಲೆಯ ಅಳತೆ) ಧಡಕ್ಕನೆ ಕೆಳಗಿಳಿದು, ಪೈರು ಬೆಳೆದಂತೆ ಮತ್ತೆ ಏರುತ್ತದೆ. ಆ ತಗ್ಗು ಬಿಂದುವೇ ನಾಟಿಯ ಅಂದಾಜು ದಿನ. ಅಲ್ಲಿಂದ ಅರವತ್ತು, ಎಂಬತ್ತು ದಿನ ಎಣಿಸಿ ಆ ಹೊತ್ತಿನ ಚಿತ್ರಗಳನ್ನು ಹೋಲಿಸಿ. ಹೋಲಿಕೆ ಒಂದೇ ಉಪಕಾಲುವೆಯ ಕೆಳಗೆ, ಒಂದೇ ತಳಿಯಲ್ಲಿ ಇದ್ದರೆ ಇನ್ನೂ ನಂಬಿಕೆಗೆ ಅರ್ಹ. ಬಿಪಿಟಿ 5204 ಜೊತೆ ಬೇಗ ಬರುವ ತಳಿ ಬೆರೆಸಬೇಡಿ.

ಆಮೇಲೆ ವರ್ಷಗಳನ್ನು ಜೋಡಿಸಿ. ಪ್ರತಿ ವರ್ಷ, ಪ್ರತಿ ಪಿಕ್ಸೆಲ್‌ನ ಸಂಖ್ಯೆಯನ್ನು ಆ ವರ್ಷದ ಹೊಲದ ಸರಾಸರಿಯಿಂದ ಭಾಗಿಸಿ. 1ಕ್ಕಿಂತ ಮೇಲಿದ್ದರೆ ಆ ಗುಂಟೆ ಸರಾಸರಿಗಿಂತ ಉತ್ತಮ. ಹೀಗೆ ಐದು ವರ್ಷದ್ದು ಮಾಡಿ, ಪ್ರತಿ ಪಿಕ್ಸೆಲ್‌ಗೆ ಸರಾಸರಿಯನ್ನೂ ಏರಿಳಿತವನ್ನೂ ತೆಗೆಯಿರಿ. ಮೂರು ಥರ ಜಾಗ ಎದ್ದು ಬರುತ್ತವೆ: ಯಾವಾಗಲೂ ಚೆನ್ನಾಗಿರುವುದು, ಯಾವಾಗಲೂ ಸೊರಗುವುದು, ವರ್ಷಕ್ಕೊಂದು ಥರ ಇರುವುದು. ಯಾವಾಗಲೂ ಸೊರಗುವ ಜಾಗ ಮಣ್ಣಿನದ್ದಿರಬಹುದು. ವರ್ಷಕ್ಕೊಂದು ಥರ ಇರುವುದು ಬಹಳ ಮಟ್ಟಿಗೆ ನೀರು, ರೋಗ ಅಥವಾ ಕೆಲಸದ ವ್ಯತ್ಯಾಸ. 2023ರ ಬರದಂಥ ವರ್ಷವನ್ನು ಬಿಡಬೇಡಿ, ಆದರೆ ಬೇರೆ ಇಟ್ಟು ನೋಡಿ. ತೇವ ಹಿಡಿಯುವ ಆಳವಾದ ಎರೆ ಎಲ್ಲಿದೆ ಅಂತ ಬರ ಹೇಳಿದಷ್ಟು ಸ್ಪಷ್ಟವಾಗಿ ಒಳ್ಳೆ ಮಳೆ ಹೇಳಲ್ಲ.

ಈಗ ಬರಿ ನೆಲದ ನಕ್ಷೆಯನ್ನು ಇದರ ಪಕ್ಕ ಇಡಿ. ಯಾವಾಗಲೂ ಸೊರಗುವ ಜಾಗ ಬೇಸಿಗೆಯಲ್ಲೂ ಬೇರೆ ಬಣ್ಣದಲ್ಲಿದ್ದರೆ ಮಣ್ಣಿನ ಮೇಲೆ ಅನುಮಾನ ಗಟ್ಟಿ. ಬೇಸಿಗೆಯಲ್ಲಿ ಒಂದೇ ಥರ ಕಂಡು ಬೆಳೆಯಲ್ಲಿ ಮಾತ್ರ ಸೊರಗಿದರೆ ಮೊದಲು ಮಟ್ಟ ನೋಡಿ, ನೀರು ಹತ್ತದ ದಿಬ್ಬ ಇರಬಹುದು. ಇಲ್ಲವೇ ಕ್ಷಾರದ ಅನುಮಾನ.

ಗುದ್ದಲಿ ಹಿಡಿಯುವ ಹೊತ್ತು

ಹೊಲವನ್ನು ಮೂರು, ಹೆಚ್ಚೆಂದರೆ ನಾಲ್ಕು ವಲಯ ಮಾಡಿ. ಕ್ಯೂಜಿಐಎಸ್ ಏಳೆಂಟು ಮಾಡಿಕೊಡುತ್ತದೆ, ಆದರೆ ಏಳು ಥರ ಗೊಬ್ಬರ ಹಾಕುವವರು ಯಾರು?

ಪ್ರತಿ ವಲಯದ ನಡುವಿನಿಂದ ಮಾದರಿ ತೆಗೆಯಿರಿ. ಮೇಲಿನ ಕಸ ಸರಿಸಿ, ಇಂಗ್ಲಿಷಿನ ವಿ ಆಕಾರದಲ್ಲಿ 15 ಸೆಂಟಿಮೀಟರ್ ಆಳಕ್ಕೆ ಅಗೆದು, ಒಂದು ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಪದರ ಕೆರೆದು ತೆಗೆಯಿರಿ. ಹೀಗೆ ಹತ್ತು ಮೀಟರ್ ಸುತ್ತಿನ ಐದು ಕಡೆಯ ಮಣ್ಣು ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಟ್ಟು, ಅರ್ಧ ಕಿಲೋ ಉಳಿಯುವವರೆಗೆ ಇದನ್ನೇ ಮಾಡಿ. ಸವಳಿನ ಅನುಮಾನ ಇದ್ದರೆ 15ರಿಂದ 30 ಸೆಂಟಿಮೀಟರಿನದು ಬೇರೆ ಚೀಲಕ್ಕೆ. ತಿಪ್ಪೆ ಹಾಕಿದ ಜಾಗ, ಮರದ ಬುಡ, ಬದುವಿನ ಅಂಚು ಬೇಡ. ಎಲ್ಲ ಮಾದರಿಯನ್ನೂ ಒಂದೇ ವಾರದಲ್ಲಿ ತೆಗೆಯಿರಿ, ಉಪ್ಪು ಬಿಸಿಲಿಗೆ ಮೇಲೆ ಬರುತ್ತದೆ, ನೀರಿಗೆ ಕೆಳಗಿಳಿಯುತ್ತದೆ.

ಪ್ರಯೋಗಾಲಯದಲ್ಲಿ ರಸಸಾರ (ಪಿಎಚ್), ಲವಣಾಂಶ (ಇಸಿ), ಸಾವಯವ ಇಂಗಾಲ ಕೇಳಿ. ರಸಸಾರ 8.5 ದಾಟಿದರೆ ಸೋಡಿಯಂ ಪ್ರಮಾಣ ಮತ್ತು ಜಿಪ್ಸಂ ಎಷ್ಟು ಬೇಕು ಅನ್ನುವುದನ್ನೂ ಕೇಳಿ. ಲವಣಾಂಶ ಓದುವಾಗ ಹುಷಾರು. ಮಣ್ಣನ್ನು ಕೆಸರು ಮಾಡಿ ಹಿಂಡಿದ ನೀರಿನಲ್ಲಿ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಸವಳು ಅನ್ನುವುದು ವಾಡಿಕೆ. ಆದರೆ ಹೆಚ್ಚಿನ ಕಡೆ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಹಾಕಿ ಅಳೆಯುತ್ತಾರೆ. ಆ ಸಂಖ್ಯೆ ಬಹಳ ಕಡಿಮೆ ಬರುತ್ತದೆ, ಅದನ್ನು 4ಕ್ಕೆ ಹೋಲಿಸಿ ನೆಮ್ಮದಿಯಾಗಿ ಕೂರಬೇಡಿ. ಬೆಳೆಗಳ ತಾಳಿಕೆಯೂ ಬೇರೆ: ಹಿಂಡಿದ ನೀರಿನ ಲೆಕ್ಕದಲ್ಲಿ ಭತ್ತದ ಇಳುವರಿ 3ರಿಂದಲೇ ಇಳಿಯತೊಡಗಿದರೆ, ಹತ್ತಿ 7.7ರವರೆಗೆ ತಡೆಯುತ್ತದೆ. ಸಂಶಯ ಇದ್ದರೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಅಥವಾ ಅದರ ಗಂಗಾವತಿ ಸಂಶೋಧನಾ ಕೇಂದ್ರಕ್ಕೆ ವರದಿ ತೋರಿಸಿ. ಸವಳು ನೆಲದ ಕೆಲಸವನ್ನು ಗಂಗಾವತಿಯಲ್ಲಿ ಬಹಳ ವರ್ಷದಿಂದ ಮಾಡುತ್ತಿದ್ದಾರೆ.

ಇಳುವರಿ ಅಳೆಯದೆ ನಕ್ಷೆ ಪೂರ್ತಿಯಾಗಲ್ಲ

ಕೊಯ್ಲು ಯಂತ್ರದವರು ಇಡೀ ಗದ್ದೆಯ ಲೆಕ್ಕ ಕೊಡುತ್ತಾರೆ, ಮೂಲೆಯದ್ದಲ್ಲ. ಆದ್ದರಿಂದ ಯಂತ್ರ ಇಳಿಯುವ ಮುಂಚೆ ಪ್ರತಿ ವಲಯದಲ್ಲಿ 5 ಮೀಟರಿಗೆ 5 ಮೀಟರ್ ಚೌಕ ಹಗ್ಗ ಕಟ್ಟಿ ಕೊಯ್ಯಿರಿ. ಬೆಳೆ ಕಟಾವು ಪ್ರಯೋಗಕ್ಕೆ ಸರ್ಕಾರದವರು ಭತ್ತದಲ್ಲಿ ಕಟ್ಟುವುದೂ ಇದೇ ಅಳತೆ. ಮೊಬೈಲ್ ಜಿಪಿಎಸ್ ಮೂರ್ನಾಲ್ಕು ಮೀಟರ್ ತಪ್ಪುತ್ತದೆ, ಹಾಗಾಗಿ ಸುತ್ತಮುತ್ತ ಮೂವತ್ತು ಮೀಟರ್ ಒಂದೇ ಥರ ಇರುವ ಕಡೆ ಚೌಕ ಕಟ್ಟಿ.

ಒಂದು ಚೌಕದಲ್ಲಿ 18 ಕಿಲೋ ಬಂತು ಅಂದುಕೊಳ್ಳಿ. ಎಕರೆಯಲ್ಲಿ ಅಂಥ ಚೌಕ ಸುಮಾರು 162. ನೇರ ಗುಣಿಸಿದರೆ 2,916 ಕಿಲೋ, 75 ಕಿಲೋ ಚೀಲದ ಲೆಕ್ಕದಲ್ಲಿ 39 ಚೀಲ. ಆದರೆ ಕಾಳಿನ ತೇವ 22 ಶೇಕಡಾ ಇದ್ದರೆ ಇದು ಸುಳ್ಳು ಲೆಕ್ಕ. 14 ಶೇಕಡಾ ತೇವಕ್ಕೆ ತರಲು 18ನ್ನು 78ರಿಂದ ಗುಣಿಸಿ 86ರಿಂದ ಭಾಗಿಸಿ: 16.3 ಕಿಲೋ. ಈಗ ಚೀಲ 35 ಮಾತ್ರ. ತಗ್ಗಿನ ಗದ್ದೆ ತಡವಾಗಿ ಒಣಗುತ್ತದೆ, ತೇವ ತಿದ್ದದಿದ್ದರೆ ಕೆಟ್ಟ ಜಾಗವೇ ಒಳ್ಳೆಯದು ಅಂತ ಬಂದುಬಿಡುತ್ತದೆ.

ಹದಿನೈದು ಇಪ್ಪತ್ತು ಚೌಕವಾದರೂ ಆದ ಮೇಲೆ ಒಂದು ಕಡೆ ಇಳುವರಿ, ಇನ್ನೊಂದು ಕಡೆ ಎನ್‌ಡಿಆರ್‌ಇ ಇಟ್ಟು ಚುಕ್ಕಿ ಹಾಕಿ. ಚುಕ್ಕಿಗಳು ಒಂದು ಸಾಲು ಹಿಡಿದರೆ ಆ ಗೆರೆಯಿಂದ ಉಳಿದ ಗುಂಟೆಗಳ ಇಳುವರಿ ಅಂದಾಜಿಸಬಹುದು. ನಾಲ್ಕೈದು ಚೌಕವನ್ನು ಗೆರೆ ಎಳೆಯಲು ಬಳಸದೆ ಪಕ್ಕಕ್ಕಿಟ್ಟು, ಅಂದಾಜು ಅವಕ್ಕೆ ಹೊಂದುತ್ತದಾ ನೋಡಿ. ಸಾಲಿನಿಂದ ದೂರ ಬಿದ್ದ ಚುಕ್ಕಿಯನ್ನು ಅಳಿಸುವ ಮುಂಚೆ ಆ ಜಾಗಕ್ಕೆ ಹೋಗಿ ಬನ್ನಿ, ಬಹಳ ಸಲ ಹೊಸ ವಿಷಯ ಸಿಗುವುದು ಅಲ್ಲೇ. ಈ ಗೆರೆ ಆ ವರ್ಷಕ್ಕೆ, ಆ ತಳಿಗೆ, ಆ ಊರಿಗೆ. ಪಕ್ಕದ ಊರಿಗೆ ಹೊತ್ತೊಯ್ಯಬೇಡಿ.

ನಕ್ಷೆ ಇಟ್ಟುಕೊಂಡು ಮಾಡುವುದೇನು

ಸವಳು ಬಂದರೆ ಬಸಿಗಾಲುವೆ ಮತ್ತು ಒಳ್ಳೆ ನೀರಿನಿಂದ ತೊಳೆಯುವುದು. ಜಿಪ್ಸಂ ಅದಕ್ಕೆ ಮದ್ದಲ್ಲ. ಕ್ಷಾರ ಬಂದರೆ ಜಿಪ್ಸಂ, ಅದೂ ಆ ವಲಯಕ್ಕೆ ಮಾತ್ರ, ಅದರ ಜೊತೆಗೂ ಬಸಿಯಲು ದಾರಿ ಬೇಕೇ ಬೇಕು. ಯಾವಾಗಲೂ ಸೊರಗುವ ಜಾಗಕ್ಕೆ ಯೂರಿಯಾ ಹೆಚ್ಚಿಸುವುದು ದಂಡದ ಖರ್ಚು, ಬೇರು ಕೆಲಸ ಮಾಡದಿದ್ದರೆ ಗೊಬ್ಬರ ಯಾರಿಗೆ?

ಮದ್ದು ಹಾಕುವಾಗ ಕೆಟ್ಟ ವಲಯದ ನಡುವೆ 30 ಮೀಟರ್ ಅಗಲದ ಒಂದು ಪಟ್ಟಿಯನ್ನು ಏನೂ ಹಾಕದೆ ಬಿಡಿ. ಅದಕ್ಕಿಂತ ಸಣ್ಣದಾದರೆ ಪೂರ್ತಿ ಪಿಕ್ಸೆಲ್ ಸಿಗಲ್ಲ. ಪಟ್ಟಿಯ ಎರಡು ತುದಿಗೂ ಕಲ್ಲು ನೆಟ್ಟು ಜಿಪಿಎಸ್ ಬರೆದಿಟ್ಟುಕೊಳ್ಳಿ. ಎರಡು ಬೆಳೆ ಆದ ಮೇಲೆ ಅದೇ ತಿಂಗಳ ಬರಿ ನೆಲದ ಚಿತ್ರ, ಅದೇ ಹಂತದ ಬೆಳೆಯ ಚಿತ್ರ ತೆಗೆದು ಪಟ್ಟಿಯ ಒಳಗನ್ನೂ ಹೊರಗನ್ನೂ ಹೋಲಿಸಿ. ಎರಡೂ ಕಡೆ ಒಂದೇ ಸಮ ಸುಧಾರಿಸಿದ್ದರೆ ಅದು ಒಳ್ಳೆ ಮಳೆಯ ಕೆಲಸ, ಜಿಪ್ಸಂನದ್ದಲ್ಲ.